ಉಪಗ್ರಹ ಇದ್ದ ಮೇಲೂ ದೇಶದ ನಕ್ಷೆ ಮಾಡೋಕೆ ಸಂಶೋಧನೆ ಯಾಕೆ ಬೇಕು?

ಚಿತ್ರ ತೆಗೆಯುವುದು ಈಗ ದೊಡ್ಡ ಕಷ್ಟವಲ್ಲ. ಬೇರೆ ಬೇರೆ ಕಡೆಯಿಂದ, ಬೇರೆ ಬೇರೆ ಕಾಲದಲ್ಲಿ ಬಂದ ಮಾಹಿತಿಯನ್ನು ಒಂದಕ್ಕೊಂದು ಹೊಂದಿಸುವುದೇ ಕಷ್ಟ. ಸಂಶೋಧನೆ ಬೇಕಾಗಿರುವುದು ಅದಕ್ಕೇ.

ಅಮೆರಿಕದ ಉದಾಹರಣೆ ತಗೊಳ್ಳಿ. ಅಲ್ಲಿ ದೇಶದ ನಕ್ಷೆಯ ಕೆಲಸ ಯುಎಸ್‌ಜಿಎಸ್ ಎಂಬ ಸರ್ಕಾರಿ ಭೂವಿಜ್ಞಾನ ಸಂಸ್ಥೆಯದು. ನಕ್ಷೆಯಲ್ಲಿ ನೀರು ಹರಿಯುವ ಹಳ್ಳಗಳ ಗೆರೆ ಎಷ್ಟೋ ಕಡೆ ಹಳೆಯ ಕಾಗದದ ನಕ್ಷೆಗಳಿಂದ ಬಂದದ್ದು. ನೆಲದ ಎತ್ತರ ಮಾತ್ರ ಹೊಸದು, ಲೈಡಾರ್‌ನಿಂದ ಬಂದದ್ದು. ಅಂದರೆ ವಿಮಾನದಿಂದ ಲೇಸರ್ ಬೆಳಕು ಬಿಟ್ಟು ಅಳೆದದ್ದು. ಎರಡನ್ನೂ ಒಂದರ ಮೇಲೊಂದು ಇಟ್ಟರೆ ಕೆಲವು ಕಡೆ ಹಳ್ಳದ ನೀರು ದಿಬ್ಬ ಹತ್ತಿದ ಹಾಗೆ ಕಾಣುತ್ತದೆ! ಇನ್ನೊಂದು ತೊಂದರೆ ಮೋರಿಯದು. ಲೇಸರ್‌ಗೆ ರಸ್ತೆಯ ಮೇಲ್ಭಾಗ ಕಾಣುತ್ತದೆ, ಅಡಿಯಲ್ಲಿರುವ ಮೋರಿ ಕಾಣುವುದಿಲ್ಲ. ಹಾಗಾಗಿ ಕಂಪ್ಯೂಟರ್ ರಸ್ತೆಯನ್ನೇ ಅಣೆಕಟ್ಟು ಅಂದುಕೊಂಡು, ನೀರನ್ನು ಅಲ್ಲೇ ನಿಲ್ಲಿಸುತ್ತದೆ. ಇದನ್ನು ಸುಮ್ನೆ ಬಿಟ್ಟರೆ ಪ್ರವಾಹದ ಲೆಕ್ಕವೇ ತಪ್ಪುತ್ತದೆ, ಅಲ್ವಾ? ಇಡೀ ದೇಶದ ಮೋರಿಗಳನ್ನು ಜನ ಕೂತು ಒಂದೊಂದಾಗಿ ತಿದ್ದುವುದು ಆಗದ ಮಾತು. ಕಂಪ್ಯೂಟರೇ ಹುಡುಕಿ ಸರಿಪಡಿಸುವ ವಿಧಾನ ಬೇಕು.

ಇಂಥ ಸಮಸ್ಯೆ ಸಾವಿರ ಇರುತ್ತವೆ, ಹಣ ಕಡಿಮೆ. ಯಾವುದು ಮೊದಲು ಅಂತ ತೀರ್ಮಾನಿಸಲು ಯೋಜನೆ ಬೇಕು. 2007ರಲ್ಲಿ ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ ಈ ಸಂಸ್ಥೆಗೆ ಮೂರು ವಿಷಯಗಳಿಗೆ ಆದ್ಯತೆ ಕೊಡಲು ಹೇಳಿತು: ಜನರಿಗೆ ಮಾಹಿತಿ ಸುಲಭವಾಗಿ ತಲುಪಿಸುವುದು, ಮಾಹಿತಿಗಳನ್ನು ಹೊಂದಿಸುವುದು, ಅವನ್ನು ಅರ್ಥ ಕೆಡದಂತೆ ಜೋಡಿಸಿಡುವುದು. ನನ್ನ ಮಟ್ಟಿಗೆ ಎರಡನೆಯದೇ ಜಾಸ್ತಿ ಮುಖ್ಯ. ಹೊಂದದ ನಕ್ಷೆ ಬೇಗ ಕೈಸೇರಿದರೆ ತಪ್ಪೂ ಅಷ್ಟೇ ಬೇಗ ಹರಡುತ್ತದೆ.