3.40 ಲಕ್ಷ ಕಿ.ಮೀ. ಓಡಿದ ಇನ್ನೋವಾಗೆ ಯಾವ ಆಯಿಲ್?

ಪ್ರಶ್ನೆ: ನನ್ನದು 2012ರ ಇನ್ನೋವಾ, 2.5 ಲೀಟರ್ ಡೀಸೆಲ್. ಬಾಡಿಗೆ ಗಾಡಿ, 3.40 ಲಕ್ಷ ಕಿ.ಮೀ. ಆಗಿದೆ. ಹೆಚ್ಚಾಗಿ ಬೆಂಗಳೂರು ಟ್ರಿಪ್, ಆಗೀಗ ಧರ್ಮಸ್ಥಳ. ಇಷ್ಟು ವರ್ಷ ಗುತ್ತಲು ರಸ್ತೆಯ ಗ್ಯಾರೇಜಿನಲ್ಲಿ 15ಡಬ್ಲ್ಯೂ-40 ಮಿನರಲ್ ಆಯಿಲ್ ಹಾಕಿಸುತ್ತಿದ್ದೆ. ಈಗ ಭಾವಮೈದ, ‘ಫುಲ್ ಸಿಂಥೆಟಿಕ್ 5ಡಬ್ಲ್ಯೂ-30 ಹಾಕಿಸಿ ಭಾವ, ಇಂಜಿನ್ ಹೊಸದರ ಥರ ಆಗುತ್ತೆ’ ಅಂತಾನೆ. ಮೆಕ್ಯಾನಿಕ್, ‘ಹಳೇ ಇಂಜಿನ್ನಿಗೆ ಅದನ್ನ ಹಾಕಿದ್ರೆ ಎಲ್ಲಾ ಕಡೆ ಸೋರುತ್ತೆ ಅಣ್ಣ’ ಅಂತಾನೆ. ಯಾರ ಮಾತು ಕೇಳಲಿ?
– ಓದುಗರೊಬ್ಬರು, ಮಂಡ್ಯ

ಉತ್ತರ: ಮೆಕ್ಯಾನಿಕ್ ಹೇಳುವ ಕಾರಣ ಪೂರ್ತಿ ಸರಿಯಿಲ್ಲ, ಆದರೂ ಸದ್ಯಕ್ಕೆ ಅವರ ಮಾತೇ ಕೇಳಿ.

ಇಲ್ಲಿ ಎರಡು ಪ್ರಶ್ನೆ ಕಲಸಿಹೋಗಿವೆ. ಸಿಂಥೆಟಿಕ್ಕೋ (ರಾಸಾಯನಿಕವಾಗಿ ತಯಾರಿಸಿದ್ದು) ಮಿನರಲ್ಲೋ (ಕಚ್ಚಾತೈಲ ಸಂಸ್ಕರಿಸಿ ತೆಗೆದದ್ದು) ಎನ್ನುವುದು ಒಂದು. ಡಬ್ಬದ ಮೇಲಿನ ನಂಬರ್ ಯಾವುದಿರಬೇಕು ಎನ್ನುವುದು ಇನ್ನೊಂದು. ಸಿಂಥೆಟಿಕ್‌ನಲ್ಲೂ 15ಡಬ್ಲ್ಯೂ-40 ಸಿಗುತ್ತದೆ. ನಿಮ್ಮ ಗಾಡಿಗೆ ಮುಖ್ಯವಾದದ್ದು ನಂಬರ್.

‘ಡಬ್ಲ್ಯೂ’ ಮುಂದಿರುವ ಅಂಕಿ ಚಳಿಯ ಲೆಕ್ಕ. 15ಡಬ್ಲ್ಯೂ ಆಯಿಲನ್ನು ಮೈನಸ್ 25 ಡಿಗ್ರಿಯಲ್ಲಿ, 5ಡಬ್ಲ್ಯೂ ಆಯಿಲನ್ನು ಮೈನಸ್ 35 ಡಿಗ್ರಿಯಲ್ಲಿ ಪಂಪ್ ಎಳೆಯುತ್ತದೋ ಇಲ್ಲವೋ ಎಂದು ಪರೀಕ್ಷಿಸುತ್ತಾರೆ. ಮಂಡ್ಯದ ಜನವರಿ ಮುಂಜಾವಿಗೆ ಅದರಿಂದ ಆಗಬೇಕಾದ್ದು ಹೆಚ್ಚೇನಿಲ್ಲ. ಕೊನೆಯ ಅಂಕಿ, 40 ಅಥವಾ 30, ಆಯಿಲ್ 100 ಡಿಗ್ರಿಗೆ ಬಿಸಿಯಾದಾಗ ಎಷ್ಟು ಮಂದವಾಗಿ ಉಳಿಯುತ್ತದೆ ಎಂಬುದರ ಗುರುತು. ಮೂರೂವರೆ ಲಕ್ಷದ ಹತ್ತಿರ ಓಡಿದ ಇಂಜಿನ್ನಿನಲ್ಲಿ ಬೇರಿಂಗ್‌ಗಳ ಸಂದು ಸ್ವಲ್ಪವಾದರೂ ಅಗಲವಾಗಿರುತ್ತದೆ. ಅಲ್ಲಿ ತೆಳುವಾದ 30 ಹಾಕಿದರೆ ಬಿಸಿ ಇಂಜಿನ್ ಐಡಲ್‌ನಲ್ಲಿ (ಗಾಡಿ ನಿಂತಲ್ಲೇ ಓಡುತ್ತಾ) ಇರುವಾಗ ಆಯಿಲ್ ಪ್ರೆಶರ್ ಇಳಿಯುತ್ತದೆ. ಹಾಗಾಗಿ 40 ಬಿಡಬೇಡಿ. ಸವೆತ ಮರೆಮಾಚಲು ಇನ್ನೂ ಮಂದವಾದ 20ಡಬ್ಲ್ಯೂ-50 ಸುರಿಯುವ ಚಾಳಿಯೂ ಇದೆ. ಸೆಕೆಂಡ್‌ಹ್ಯಾಂಡ್ ಗಾಡಿ ಮಾರುವವರಿಗೆ ಅದು ಚೆನ್ನಾಗಿ ಗೊತ್ತು.

ಇನ್ನು ಸೋರುವ ವಿಷಯ. ಮೊದಮೊದಲ ಸಿಂಥೆಟಿಕ್ ಆಯಿಲ್‌ಗಳಲ್ಲಿ ರಬ್ಬರ್ ಸೀಲ್ ಕುಗ್ಗುತ್ತಿದ್ದದ್ದು ನಿಜ. ಈಗಿನವುಗಳಲ್ಲಿ ಅದಕ್ಕೆ ಬೇಕಾದ ರಾಸಾಯನಿಕ ಸೇರಿಸಿರುತ್ತಾರೆ. ಆದರೆ ವರ್ಷಗಟ್ಟಲೆ ಕಟ್ಟಿದ ಗಸಿಯೇ ಸೆಟೆದ ಸೀಲಿನ ಬಿರುಕಿಗೆ ಅಡ್ಡ ನಿಂತಿದ್ದರೆ, ಹೊಸ ಆಯಿಲ್ ಅದನ್ನು ತೊಳೆದ ಮೇಲೆ ಸೋರಿಕೆ ಕಣ್ಣಿಗೆ ಬೀಳುತ್ತದೆ. ಬೈಗುಳ ಮಾತ್ರ ಆಯಿಲಿಗೆ.

ದುಡ್ಡು ಖರ್ಚು ಮಾಡುವ ಮೊದಲು ಇಂಜಿನ್ ಹೇಗಿದೆ ನೋಡಿ. ಬೆಳಿಗ್ಗೆ ಸ್ಟಾರ್ಟ್ ಮಾಡುವ ಮುಂಚೆ, ಸಮತಟ್ಟಾದ ಜಾಗದಲ್ಲಿ ಡಿಪ್‌ಸ್ಟಿಕ್ (ಆಯಿಲ್ ಅಳೆಯುವ ಕಡ್ಡಿ) ಅಳತೆ ಬರೆದಿಟ್ಟುಕೊಳ್ಳಿ. ಸಾವಿರ ಕಿ.ಮೀ. ಓಡಿಸಿ ಮತ್ತೆ ನೋಡಿ. ಅರ್ಧ ಲೀಟರಿಗಿಂತ ಹೆಚ್ಚು ಕುಡಿದಿದ್ದರೆ, ನೀಲಿ ಹೊಗೆಯೂ ಇದ್ದರೆ, ದುಬಾರಿ ಸಿಂಥೆಟಿಕ್ ಹಾಕಿ ಸೈಲೆನ್ಸರಿನಲ್ಲಿ ಸುಡುವುದೇಕೆ? ಇಂಜಿನ್ ಐಡಲ್‌ನಲ್ಲಿದ್ದಾಗ ಆಯಿಲ್ ಹಾಕುವ ಮುಚ್ಚಳ ತೆಗೆದರೆ ಭುಸಭುಸ ಹೊಗೆ ನುಗ್ಗಿದರೂ ಅಷ್ಟೇ, ಪಿಸ್ಟನ್ ರಿಂಗ್ ದಣಿದಿವೆ. ಆಯಿಲಿನಲ್ಲಿ ಹಾಲು ಬೆರೆಸಿದ ಕಾಫಿ ಬಣ್ಣ ಕಂಡರೆ ಅದಕ್ಕೆ ಕೂಲೆಂಟ್ (ಇಂಜಿನ್ ತಂಪು ಮಾಡುವ ದ್ರವ) ಸೇರುತ್ತಿದೆ, ಗಾಡಿ ನಿಲ್ಲಿಸಿ. ಬರೀ ಕಪ್ಪಾಗಿದ್ದರೆ ಗಾಬರಿ ಬೇಡ. ಡೀಸೆಲ್ ಇಂಜಿನ್ನಿನಲ್ಲಿ ಹೊಸ ಆಯಿಲ್ ಕೆಲವು ನೂರು ಕಿಲೋಮೀಟರಿಗೇ ಕಪ್ಪಾಗುತ್ತದೆ. ಮಸಿಯನ್ನು ಹೊತ್ತೊಯ್ಯುವುದೇ ಅದರ ಕೆಲಸ.

ಸಿಂಥೆಟಿಕ್ ಪರವಾಗಿ ಗಟ್ಟಿ ವಾದ ಇರುವುದು ಟರ್ಬೊ ವಿಷಯದಲ್ಲಿ, ಅಂದರೆ ಬಿಸಿ ಹೊಗೆಯ ರಭಸಕ್ಕೆ ತಿರುಗಿ ಇಂಜಿನ್ನಿಗೆ ಹೆಚ್ಚು ಗಾಳಿ ನುಗ್ಗಿಸುವ ಭಾಗದ ವಿಷಯದಲ್ಲಿ. ಬೇಸಿಗೆಯಲ್ಲಿ ಏಳು ಜನ ಕೂತು, ಎಸಿ ಹಾಕಿಕೊಂಡು ಎಕ್ಸ್‌ಪ್ರೆಸ್‌ವೇಯಲ್ಲಿ ನೂರರಲ್ಲಿ ಬಂದು, ಬಿಡದಿಯಲ್ಲಿ ತಟ್ಟೆ ಇಡ್ಲಿಗೆಂದು ಗಕ್ಕನೆ ಇಂಜಿನ್ ಆಫ್ ಮಾಡಿದರೆ ಟರ್ಬೊದಲ್ಲಿ ನಿಂತ ಆಯಿಲ್ ಕಾಯುತ್ತಲೇ ಇರುತ್ತದೆ. ಆಲೆಮನೆ ಕೊಪ್ಪರಿಗೆಯ ಅಂಚಿಗೆ ಪಾಕ ಸೀದು ಅಂಟುವ ಹಾಗೆ ಅದು ಶಾಫ್ಟಿನ ಸುತ್ತ ಕರಿ ಕಟ್ಟುತ್ತದೆ. ಸಿಂಥೆಟಿಕ್ ಈ ಕಾವನ್ನು ಹೆಚ್ಚು ತಡೆಯುತ್ತದೆ. ಆಫ್ ಮಾಡುವ ಮುಂಚೆ ಒಂದೆರಡು ನಿಮಿಷ ಐಡಲ್‌ನಲ್ಲಿ ಬಿಟ್ಟರೂ ಟರ್ಬೊ ಬಹುಮಟ್ಟಿಗೆ ಉಳಿಯುತ್ತದೆ, ಅದೂ ಪುಕ್ಕಟೆಯಾಗಿ.

ನನ್ನ ಗಾಡಿಯಾಗಿದ್ದರೆ 15ಡಬ್ಲ್ಯೂ-40 ಮಿನರಲ್ಲೇ ಮುಂದುವರಿಸುತ್ತಿದ್ದೆ. ಆದರೆ ಡಬ್ಬದ ಮೇಲೆ ಗುಣಮಟ್ಟದ ಗುರುತಾಗಿ ಎಪಿಐ ಸಿಐ-4 ಪ್ಲಸ್ ಅಥವಾ ಸಿಕೆ-4 ಎಂದು ಇರಲೇಬೇಕು. ಸಿಎಫ್-4 ಎಂದಿದ್ದರೆ ಅದು 1990ರ ದಶಕದ ಮಾನದಂಡ, ವಾಪಸ್ ಕೊಡಿ. ಉಳಿದ ದುಡ್ಡಿನಲ್ಲಿ ಪ್ರತಿಸಲವೂ ಆಯಿಲ್ ಫಿಲ್ಟರ್, ಬೇಕಾದಾಗ ಏರ್ ಫಿಲ್ಟರ್ ಬದಲಿಸಿ. ಮ್ಯಾನುವಲ್‌ನಲ್ಲಿರುವ ಗಡುವು ದಾಟಬೇಡಿ. ಸಿಂಥೆಟಿಕ್ ಹಾಕಿದವರು ಬೀಳುವ ಗುಂಡಿ ಇದೇ: ದುಬಾರಿ ಆಯಿಲ್ ಅಲ್ಲವೇ ಎಂದು ಇಮ್ಮಡಿ ದೂರ ಓಡಿಸುತ್ತಾರೆ. ಹಳೇ ಇಂಜಿನ್ನಿನ ಮಸಿ, ನಮ್ಮ ರಸ್ತೆಯ ದೂಳು ಡಬ್ಬದ ಬೆಲೆ ನೋಡುವುದಿಲ್ಲ.

ಆಯಿಲ್ ಕುಡಿಯದ, ಸೋರದ ಇಂಜಿನ್ನಾಗಿದ್ದು ಸಿಂಥೆಟಿಕ್ಕೇ ಬೇಕೆಂದಿದ್ದರೆ 15ಡಬ್ಲ್ಯೂ-40 ಅಥವಾ 5ಡಬ್ಲ್ಯೂ-40 ಹಾಕಿಸಿ. ರಾಸಾಯನಿಕ ಹಾಕಿ ಇಂಜಿನ್ ಒಳಗನ್ನು ಒಮ್ಮೆಗೇ ತೊಳೆಯುವ ಫ್ಲಶ್ ಮಾತ್ರ ಬೇಡ. ಒಮ್ಮೆಲೇ ಕಿತ್ತುಬಂದ ಗಸಿ ಆಯಿಲ್ ಪಂಪಿನ ಜಾಲರಿಗೆ ಸಿಕ್ಕಿಕೊಂಡರೆ ಇಂಜಿನ್ನೇ ಹೋಗುತ್ತದೆ. ಮೊದಲ ಸಲ 3000 ಕಿ.ಮೀ.ಗೇ ಬದಲಿಸಿ, ನಿಧಾನಕ್ಕೆ ತೊಳೆದುಕೊಳ್ಳಲಿ.

ಪ್ರಶ್ನೆ: ಅಪ್ಪನ ಹಳೇ ಬೊಲೆರೊಗೆ ತಂದ 15ಡಬ್ಲ್ಯೂ-40 ಉಳಿದಿದೆ. ನನ್ನ 2021ರ ಡೀಸೆಲ್ ಕಾರಿಗೆ ಹಾಕಬಹುದೇ? ಕುವೆಂಪುನಗರದಿಂದ ಆಫೀಸಿಗೆ ದಿನಾ ನಾಲ್ಕೈದು ಕಿ.ಮೀ. ಅಷ್ಟೇ ಓಡಾಟ. ಈಚೆಗೆ ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮಟ್ಟ ಏರುತ್ತಿದೆ.
– ಓದುಗರೊಬ್ಬರು, ಮೈಸೂರು

ಉತ್ತರ: ಬೇಡ. ನಿಮ್ಮದು ಬಿಎಸ್6 (ಹೊಸ ಹೊಗೆ ಮಾನದಂಡದ) ಗಾಡಿ, ಸೈಲೆನ್ಸರ್ ದಾರಿಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇದೆ. ಮಸಿಯನ್ನು ಅದು ಸುಟ್ಟುಕೊಳ್ಳುತ್ತದೆ, ಹಳೇ ಮಾದರಿಯ ಆಯಿಲ್ ಬಿಡುವ ಬೂದಿಯನ್ನು ಸುಡಲಾರದು. ಮ್ಯಾನುವಲ್‌ನಲ್ಲಿರುವ ಕಡಿಮೆ ಬೂದಿಯ ಆಯಿಲನ್ನೇ ಹಾಕಿ. ಇಲ್ಲಿ ಸಿಂಥೆಟಿಕ್ ಬೇಕೇ ಬೇಡವೇ ಎನ್ನುವ ಚರ್ಚೆಯೇ ಇಲ್ಲ.

ಮಟ್ಟ ಏರುತ್ತಿರುವುದು ಆಯಿಲಿಗೆ ಡೀಸೆಲ್ ಇಳಿದು ಬೆರೆಯುತ್ತಿರುವುದರಿಂದ ಇರಬಹುದು. ಮಸಿ ಸುಡಲು ಗಾಡಿ ಹೆಚ್ಚುವರಿ ಡೀಸೆಲ್ ಚಿಮ್ಮಿಸುತ್ತದೆ. ನಾಲ್ಕು ಕಿ.ಮೀ.ಗೆ ಆಫ್ ಮಾಡಿದರೆ ಕೆಲಸ ಅರ್ಧಕ್ಕೇ ನಿಂತು, ಡೀಸೆಲ್ ಆಯಿಲಿಗೆ ಸೇರುತ್ತದೆ. ಮೊದಲು ಆಯಿಲ್ ಬದಲಿಸಿ. ಆಮೇಲೆ ವಾರಕ್ಕೊಮ್ಮೆಯಾದರೂ ವರ್ತುಲ ರಸ್ತೆಯಲ್ಲಿ ಅರವತ್ತರ ವೇಗದಲ್ಲಿ ಇಪ್ಪತ್ತು–ಮೂವತ್ತು ನಿಮಿಷ ನಿಲ್ಲಿಸದೆ ಓಡಿಸಿ. ಮಟ್ಟ ಈಗಾಗಲೇ ಡಿಪ್‌ಸ್ಟಿಕ್‌ನ ಮೇಲಿನ ಗೆರೆ ದಾಟಿದ್ದರೆ ಓಡಿಸಲೇಬೇಡಿ. ತನ್ನ ಆಯಿಲನ್ನೇ ಇಂಧನವಾಗಿ ಎಳೆದುಕೊಂಡ ಡೀಸೆಲ್ ಇಂಜಿನ್ ಕೀ ತಿರುಗಿಸಿದರೂ ನಿಲ್ಲುವುದಿಲ್ಲ. ಮೆಕ್ಯಾನಿಕ್‌ನನ್ನು ಮನೆಗೇ ಕರೆಸಿ.