ಫೋನ್ ಸ್ಕ್ರೀನ್ ನೋಡಿ "ಆ ಗುಡ್ಡದಲ್ಲಿ ಯಾರೂ ಇಲ್ಲ" ಅಂತ ಹೇಳಬೇಡಿ

ಸರ್, ಗುಡ್ಡದಲ್ಲಿ ಕಾಣೆಯಾಗಿದ್ದ ಅಜ್ಜ ಜೀವಂತ ಸಿಕ್ಕಿದರು ಅಂತ ನಮ್ಮ ಡ್ರೋನ್ ಗುಂಪಿನಲ್ಲಿ ನೀವು ಹಾಕಿದ್ದನ್ನು ಓದಿ ತುಂಬಾ ಸಮಾಧಾನ ಆಯಿತು. ಕರೆ ಬಂದ ತಕ್ಷಣ ಡ್ರೋನ್ ಹಿಡಿದು ಓಡಿದಿರಲ್ಲ, ಅದಕ್ಕೆ ನಿಜವಾಗಿ ಕೈ ಮುಗಿಯುತ್ತೇನೆ. ಆದರೆ ನಿಮ್ಮ ಪೋಸ್ಟ್ ಓದಿದ ಮೇಲೆ ಸುಮ್ಮನೆ ಇರೋಕೆ ಆಗಲಿಲ್ಲ. ಗುಡ್ಡದ ತುದಿಯ ದೇವಸ್ಥಾನದ ಅಂಗಳದಿಂದ ನಿಮ್ಮ ಸಣ್ಣ ಡ್ರೋನ್, ಡಿಜೆಐ ಮಿನಿ 2 ಹಾರಿಸಿದಿರಿ. 120 ಮೀಟರ್ ಎತ್ತರದಲ್ಲಿ ಮೂರು ಬ್ಯಾಟರಿ ಮುಗಿಯುವ ತನಕ ಸುತ್ತಿದಿರಿ. ಫೋನಿನಲ್ಲಿ ಏನೂ ಕಾಣಲಿಲ್ಲ, "ಯಾರೂ ಇಲ್ಲ" ಅಂದಿರಿ. ಹುಡುಕುತ್ತಿದ್ದ ಜನ ಆಚೆ ಬದಿಗೆ ಹೋದರು. ಅಜ್ಜ ಮರುದಿನ ಸಿಕ್ಕಿದ್ದು ಅದೇ ಗುಡ್ಡದ ಕೆಳಗಿನ ಹಳ್ಳದಲ್ಲಿ, ದನ ಹುಡುಕಿಕೊಂಡು ಹೋದವರ ಕಣ್ಣಿಗೆ. ಈಗ "ಬಿಸಿ ಗುರುತಿಸುವ ಥರ್ಮಲ್ ಡ್ರೋನ್ ತಗೊಂಡ್ರೆ ಸರಿಹೋಗುತ್ತಾ?" ಅಂತ ಕೇಳುತ್ತಿದ್ದೀರಿ. ಸರಿಹೋಗಲ್ಲ ಸರ್. ತೊಂದರೆ ಕ್ಯಾಮೆರಾದ್ದಲ್ಲ.

ನಾನೂ ಶುರುವಿನಲ್ಲಿ ಹೀಗೇ ಹಾರಿಸುತ್ತಿದ್ದೆ. ಒಬ್ಬ ಹುಡುಗನನ್ನು ಹುಡುಕುವಾಗ ನಮ್ಮ ತಂಡ ಫೋನಿಗೆ ಬರುವ ಲೈವ್ ಚಿತ್ರ ಮಾತ್ರ ನೋಡಿ ಒಂದು ಇಳಿಜಾರನ್ನು ಬಿಟ್ಟುಬಿಟ್ಟಿತ್ತು. ಅವನ ಬ್ಯಾಗ್ ನಾವು ಮೊದಲ ದಿನ ತೆಗೆದ ಫೋಟೋದಲ್ಲೇ ಇತ್ತು. ಲ್ಯಾಪ್‌ಟಾಪಿನಲ್ಲಿ ದೊಡ್ಡದು ಮಾಡಿ ನೋಡಿದ್ದು ಆಮೇಲೆ. ಆವತ್ತಿನಿಂದ ನಾನು ಲೈವ್ ಸ್ಕ್ರೀನನ್ನು ಡ್ರೋನ್ ಓಡಿಸೋಕೆ ಮಾತ್ರ ಬಳಸುತ್ತೇನೆ. ಹುಡುಕೋದು ಫೋಟೋದಲ್ಲಿ.

ಲೆಕ್ಕ ನೋಡಿ. 120 ಮೀಟರ್ ಎತ್ತರದಿಂದ ಮಿನಿ 2 ಕ್ಯಾಮೆರಾಕ್ಕೆ ಸುಮಾರು 170 ಮೀಟರ್ ಅಗಲದ ನೆಲ ಕಾಣುತ್ತದೆ. ಫೋನಿಗೆ ಬರುವ ಲೈವ್ ಚಿತ್ರ 720ಪಿ. ಅಂದರೆ ಅಡ್ಡಕ್ಕೆ 1280 ಪಿಕ್ಸೆಲ್ (ಚಿತ್ರದ ಚುಕ್ಕಿ), ಒಂದೊಂದು ಪಿಕ್ಸೆಲ್‌ಗೆ 13 ಸೆಂಟಿಮೀಟರ್ ನೆಲ. ಮಲಗಿದ ಮನುಷ್ಯ ಉದ್ದಕ್ಕೆ 13 ಪಿಕ್ಸೆಲ್, ಅಗಲಕ್ಕೆ 3. ಫೋನಿನ ಮೇಲೆ ಅದು ಒಂದೂವರೆ ಮಿಲಿಮೀಟರ್. ಬಿಸಿಲಲ್ಲಿ ನಿಂತು, ಡ್ರೋನ್ ಓಡುತ್ತಿರುವಾಗ, ಮಾಸಲು ಪಂಚೆ ಉಟ್ಟ ಅಜ್ಜನನ್ನು ಅಷ್ಟರಲ್ಲಿ ಯಾರು ಗುರುತಿಸುತ್ತಾರೆ? ಅದೇ ಜಾಗದ ಫೋಟೋ ತೆಗೆದಿದ್ದರೆ 4000 ಪಿಕ್ಸೆಲ್ ಅಗಲ ಸಿಗುತ್ತಿತ್ತು, ಮನುಷ್ಯ 40 ಪಿಕ್ಸೆಲ್ ಆಗುತ್ತಿದ್ದ. 50 ಮೀಟರಿಗೆ ಇಳಿದಿದ್ದರೆ 90ರ ಹತ್ತಿರ. ಆಗ ಅದು ಕಲ್ಲೋ ಮನುಷ್ಯನೋ ಗೊತ್ತಾಗುತ್ತದೆ.

ಇನ್ನೂ ದೊಡ್ಡ ತೊಂದರೆ ಬೇರೆ ಇದೆ. ಸ್ಕ್ರೀನ್ ಮೇಲೆ ಬರುವ ಎತ್ತರ ನೆಲದಿಂದ ಅಲ್ಲ, ನೀವು ಹಾರಿಸಿದ ಜಾಗದಿಂದ. ಬಯಲುಸೀಮೆಯವರಿಗೆ ಇದರಿಂದ ಏನೂ ಆಗಲ್ಲ. ಘಟ್ಟದಲ್ಲಿ ಇದೇ ಎಲ್ಲ. ನೀವು ಹಾರಿಸಿದ್ದು ಗುಡ್ಡದ ತಲೆಯಿಂದ. ಹಳ್ಳ ಅಲ್ಲಿಂದ 100 ಮೀಟರ್ ಕೆಳಗಿದ್ದರೆ, ಸ್ಕ್ರೀನ್ 120 ಅಂದಾಗ ಹಳ್ಳದ ಮೇಲೆ ನಿಮ್ಮ ಡ್ರೋನ್ 220 ಮೀಟರ್ ಮೇಲಿತ್ತು. ಅಜ್ಜ 7 ಪಿಕ್ಸೆಲ್. ಅವರು ಎದ್ದು ನಿಂತು ಟವೆಲ್ ಬೀಸಿದ್ದರೂ ನಿಮಗೆ ಕಾಣುತ್ತಿರಲಿಲ್ಲ. ಉಲ್ಟಾ ಆದರೆ ಡ್ರೋನೇ ಹೋಗುತ್ತದೆ. ಕೆಳಗಿನ ಗದ್ದೆಯಿಂದ 50 ಮೀಟರಿಗೆ ಏರಿಸಿ ಗುಡ್ಡದ ಕಡೆ ಬಿಟ್ಟರೆ ನೇರ ಮರಕ್ಕೆ. ಮಿನಿ 2ಕ್ಕೆ ಮುಂದೆ ಸೆನ್ಸರ್ ಇಲ್ಲ, ಕೆಳಗೆ ಮಾತ್ರ. ಡ್ರೋನ್ ತಾನೇ ವಾಪಸ್ ಬರುವ ರಿಟರ್ನ್ ಟು ಹೋಮ್ ಎತ್ತರವೂ ಅಷ್ಟೇ, ಹಾರಿಸಿದ ಜಾಗದಿಂದ. ನಡುವೆ ಇರುವ ದಿಣ್ಣೆಗಿಂತ ಮೇಲಿದೆಯಾ ಅಂತ ಪ್ರತಿ ಹೊಸ ಜಾಗದಲ್ಲೂ ನೋಡಿ. ಹೊರಡುವ ಮೊದಲು ಗೂಗಲ್ ಅರ್ಥ್‌ನಲ್ಲಿ ಹಳ್ಳದ ತಳ, ಗುಡ್ಡದ ನೆತ್ತಿ, ನೀವು ನಿಲ್ಲುವ ಜಾಗ, ಈ ಮೂರರ ಎತ್ತರ ಬರೆದುಕೊಳ್ಳಿ. ಎರಡು ನಿಮಿಷದ ಕೆಲಸ.

ನಾನು ಈಗ ಮಾಡುವುದು ಹೀಗೆ, ಹೋಗಿ ಬಂದು ಸಾಲು ಸಾಲಾಗಿ ಹಾರಿಸುವುದು. ನೆಲದಿಂದ 50 ಮೀಟರ್ ಎತ್ತರ, ಸಾಲಿನಿಂದ ಸಾಲಿಗೆ 50 ಮೀಟರ್ ಅಂತರ. ನೆನಪಿಡೋಕೆ ಸುಲಭ. ಈ ಎತ್ತರದಲ್ಲಿ 70 ಮೀಟರ್ ಅಗಲ ಕಾಣುವುದರಿಂದ ಪಕ್ಕದ ಸಾಲಿನ ಅಂಚು ಒಂದರ ಮೇಲೊಂದು ಬರುತ್ತದೆ, ಸಂದು ಉಳಿಯಲ್ಲ. ಕ್ಯಾಮೆರಾ ನೇರ ಕೆಳಗೆ. ಟೈಮ್ಡ್ ಶಾಟ್, ಅಂದರೆ ತಾನಾಗಿ ತೆಗೆಯುವ ಫೋಟೋ, 5 ಸೆಕೆಂಡಿಗೆ ಒಂದು. ವೇಗ ಸೆಕೆಂಡಿಗೆ 5 ಮೀಟರ್, ಅದಕ್ಕಿಂತ ಜಾಸ್ತಿ ಬೇಡ. ಹೀಗಾದರೆ ನೆಲದ ಪ್ರತಿ ಜಾಗವೂ ಕನಿಷ್ಠ ಎರಡು ಫೋಟೋದಲ್ಲಿ ಬರುತ್ತದೆ. ಶಟರ್ (ಫೋಟೋ ತೆಗೆಯುವ ವೇಗ) 1/500 ಸೆಕೆಂಡಿಗೆ ಕೂರಿಸಿ, ಐಎಸ್‌ಒ (ಬೆಳಕು ಹಿಡಿಯುವ ಮಟ್ಟ) ಅದಕ್ಕೆ ತಕ್ಕಂತೆ ಏರಲಿ. ಆಟೋದಲ್ಲಿ ಬಿಟ್ಟರೆ ಮೋಡದ ದಿನ ಶಟರ್ ನಿಧಾನ ಆಗಿ ಎಲ್ಲ ಕಲಸಿಹೋಗುತ್ತದೆ. ಫೋಟೋ ಸ್ವಲ್ಪ ಕಾಳು ಕಾಳಾದರೆ (ಗ್ರೇನ್) ಪರವಾಗಿಲ್ಲ, ಮಸುಕಾದರೆ ಆ ಫೋಟೋ ತೆಗೆದೂ ಉಪಯೋಗ ಇಲ್ಲ.

ಇಳಿಜಾರಿನಲ್ಲಿ ಮೇಲಿಂದ ಕೆಳಗೆ ಹಾರಿಸಬೇಡಿ. ಗುಡ್ಡಕ್ಕೆ ಅಡ್ಡಲಾಗಿ, ಉಳುಮೆಯ ಸಾಲಿನ ಹಾಗೆ ಹೋಗಿ. ಒಂದು ಸಾಲು ಮುಗಿದ ಮೇಲೆ ನೆಲ ಎಷ್ಟು ಇಳಿದಿದೆಯೋ ಡ್ರೋನನ್ನೂ ಅಷ್ಟು ಇಳಿಸಿ. ಸ್ಕ್ರೀನಿನಲ್ಲಿ ಎತ್ತರ ಮೈನಸ್ ತೋರಿಸಿದರೆ ಹೆದರಬೇಡಿ, ನೀವು ಮೇಲಿಂದ ಹಾರಿಸಿದ್ದೀರಿ ಅಷ್ಟೇ. ಆದರೆ ಒಂದು ಎಚ್ಚರ. ಮಲೆನಾಡಿನ ಮರ 30 ಮೀಟರ್ ದಾಟುವುದು ಮಾಮೂಲಿ. ಕಾಫಿ ತೋಟದ ಸಿಲ್ವರ್ ಓಕೂ ಕಡಿಮೆ ಅಲ್ಲ. ಕರೆಂಟ್ ತಂತಿ ಇನ್ನೂ ಅಪಾಯ, ಕ್ಯಾಮೆರಾದಲ್ಲಿ ಕಾಣುವುದೇ ಇಲ್ಲ. ಕಂಬ ಕಂಡರೆ ತಂತಿ ಇದೆ ಅಂತಲೇ ಲೆಕ್ಕ.

ಒಂದು ಬ್ಯಾಟರಿಗೆ ಎಷ್ಟಾಗುತ್ತದೆ? ಡಬ್ಬದ ಮೇಲೆ 31 ನಿಮಿಷ ಅಂತಿದೆ. ಹೋಗಿ ಬರೋಕೆ, ಗಾಳಿಗೆ, ಕೊನೆಗೆ ಉಳಿಸಿಕೊಳ್ಳೋಕೆ ಕಳೆದರೆ ಕೆಲಸಕ್ಕೆ ಸಿಗುವುದು 15 ನಿಮಿಷ. ಅದರಲ್ಲಿ ಸುಮಾರು 50 ಎಕರೆ ಮುಗಿಯುತ್ತದೆ. ಅಷ್ಟೇನಾ ಅನ್ನಿಸಬಹುದು. ಆದರೆ ಈ 50 ಎಕರೆ ನಿಜವಾಗಿ ನೋಡಿದ 50 ಎಕರೆ. ಹಾಗಾಗಿ ಎಲ್ಲಿಂದ ಶುರು ಮಾಡಬೇಕು ಅನ್ನುವುದೇ ಮುಖ್ಯ. ಕೊನೆಗೆ ಎಲ್ಲಿ ನೋಡಿದರು, ಫೋನ್ ಕೊನೆಗೆ ಯಾವ ಟವರಿನಲ್ಲಿತ್ತು, ಅಜ್ಜ ಯಾವ ದಾರಿಯಲ್ಲಿ ಸೌದೆಗೆ ಹೋಗುತ್ತಿದ್ದರು, ಇದನ್ನೆಲ್ಲ ಮನೆಯವರ ಹತ್ತಿರ, ದನ ಮೇಯಿಸುವವರ ಹತ್ತಿರ ಕೇಳಿ. ಅವರಿಗೆ ಗೊತ್ತಿರುವ ಕಾಲುದಾರಿ ಯಾವ ಮ್ಯಾಪಿನಲ್ಲೂ ಇಲ್ಲ. ಬಟ್ಟೆ, ಛತ್ರಿ, ಚಪ್ಪಲಿ, ಚೀಲ, ಎಲ್ಲದರ ಬಣ್ಣ ಕೇಳಿ. ಎಷ್ಟೋ ಸಲ ಮೊದಲು ಕಾಣುವುದು ಮನುಷ್ಯ ಅಲ್ಲ, ಛತ್ರಿ. ಕಂಬಳಿ ಹೊದ್ದಿದ್ದರೆ ಮಾತ್ರ ಮೇಲಿಂದ ಗುರುತಿಸುವುದು ತುಂಬಾ ಕಷ್ಟ.

ಫೋಟೋ ನೋಡುವುದು ಹಾರಿಸಿದವರ ಕೆಲಸ ಅಲ್ಲ. ಹಾರಿಸಿದವರ ಕಣ್ಣು ಆಗಲೇ ದಣಿದಿರುತ್ತದೆ. ಪ್ರತಿ ಬ್ಯಾಟರಿ ಮುಗಿದು ಡ್ರೋನ್ ಇಳಿದ ಕೂಡಲೇ ಮೆಮೊರಿ ಕಾರ್ಡ್ ಬದಲಿಸಿ, ನೆರಳಲ್ಲಿ ಕೂತ ಇಬ್ಬರಿಗೆ ಕೊಡಿ. ಒಂದೇ ಫೋಟೋವನ್ನು ಇಬ್ಬರೂ ಬೇರೆ ಬೇರೆ ನೋಡಲಿ. 100%ಗೆ ಝೂಮ್ ಮಾಡಿ ಎಡದಿಂದ ಬಲಕ್ಕೆ ಸಾಲು ಸಾಲಾಗಿ. ಅರ್ಧ ಗಂಟೆಗೊಮ್ಮೆ ಆಳು ಬದಲಿಸಿ. ಅನುಮಾನ ಬಂದ ಫೋಟೋದಲ್ಲೇ ಜಿಪಿಎಸ್ ಇರುತ್ತದೆ, ಅದನ್ನು ಕಾಲ್ನಡಿಗೆ ತಂಡಕ್ಕೆ ಕೊಡಿ. ದಯವಿಟ್ಟು ವಾಟ್ಸಾಪಿನಲ್ಲಿ ಮಾಮೂಲಿ ಫೋಟೋ ಥರ ಕಳಿಸಬೇಡಿ. ಫೋಟೋ ಕುಗ್ಗುತ್ತದೆ, ಜಿಪಿಎಸ್ಸೂ ಹೋಗುತ್ತದೆ. ಡಾಕ್ಯುಮೆಂಟ್ ಅಂತ ಕಳಿಸಿ. ಎಡಿಐಎಟಿ ಅಂತ ಒಂದು ಉಚಿತ ಸಾಫ್ಟ್‌ವೇರ್ ಇದೆ, ಹುಡುಕಾಟಕ್ಕೇ ಮಾಡಿದ್ದು, ಸುತ್ತಲಿನದಕ್ಕಿಂತ ಬೇರೆ ಬಣ್ಣವನ್ನು ಗುರುತು ಹಾಕಿಕೊಡುತ್ತದೆ. ಹುಲ್ಲುಗಾವಲಲ್ಲಿ ನೀಲಿ, ಕೆಂಪು ಬಟ್ಟೆ ಹುಡುಕೋಕೆ ಒಳ್ಳೆಯದು. ನಮ್ಮ ಕೆಮ್ಮಣ್ಣಿನ ಕಡೆ ಕೆಂಪು ಬಣ್ಣಕ್ಕೆ ಹಾಕಿದರೆ ಎಲ್ಲ ಕಡೆ ಗುರುತು ಬೀಳುತ್ತದೆ.

ಈಗ ಮರದ ವಿಷಯ. ಶೋಲಾ ಕಾಡು, ಅಡಿಕೆ ತೋಟ, ನೆರಳಿನ ಕಾಫಿ ತೋಟ, ಇವುಗಳ ಒಳಗೆ ಮೇಲಿಂದ ಏನೂ ಕಾಣಲ್ಲ. ಕಾಣುವುದು ಬೋಳು ಗುಡ್ಡ, ಬಂಡೆ, ಹಳ್ಳದ ತೆರೆದ ಭಾಗ, ರಸ್ತೆ, ಗದ್ದೆ, ಕೆರೆ ದಂಡೆ. ಅದಕ್ಕೇ ಪೊಲೀಸರಿಗೆ ಮ್ಯಾಪ್ ಕೊಡಿ, ಮಾತಲ್ಲ. ಹಸಿರು ಬಣ್ಣ ಹಾಕಿದ ಜಾಗ: ತೆರೆದ ನೆಲ, ಫೋಟೋ ತೆಗೆದು ಇಬ್ಬರು ನೋಡಿದ್ದಾರೆ. ಹಳದಿ: ಹಾರಿಸಿದ್ದೇವೆ, ಮರದ ಕೆಳಗೆ ಕಂಡಿಲ್ಲ, ಜನ ನಡೆಯಬೇಕು. ಬಣ್ಣ ಇಲ್ಲದ್ದು: ಹೋಗಿಲ್ಲ. ನಿಮ್ಮ ಹಳ್ಳ ಹಳದಿ ಆಗಿದ್ದರೆ ಜನ ಆವತ್ತೇ ಅಲ್ಲಿ ಇಳಿಯುತ್ತಿದ್ದರು. ಬೇಜಾರು ಮಾಡಿಕೊಳ್ಳಬೇಡಿ, ಆದರೆ ಇದನ್ನು ಹೇಳಲೇಬೇಕು. ಡ್ರೋನಿನವರು "ಇಲ್ಲ" ಅಂದರೆ ಎಲ್ಲರೂ ನಂಬುತ್ತಾರೆ, ಆ ದಿಕ್ಕಿನಲ್ಲಿ ಕಾಲು ಇಡುವವರೇ ಇರಲ್ಲ.

ಥರ್ಮಲ್‌ಗೆ ಬರುತ್ತೇನೆ. ಅದೂ ಎಲೆಯ ಒಳಗೆ ನೋಡಲ್ಲ, ನೀರಿನ ಒಳಗೂ ನೋಡಲ್ಲ. ನೋಡುವುದು ಮೈಯ ಬಿಸಿಗೂ ಸುತ್ತಲಿನ ಬಿಸಿಗೂ ಇರುವ ವ್ಯತ್ಯಾಸ. 2018ರ ಫೆಬ್ರವರಿಯಲ್ಲಿ ಇಂಗ್ಲೆಂಡಿನ ಲಿಂಕನ್‌ಶೈರ್ ಪೊಲೀಸರು ಅಪಘಾತ ಆದ ಕಾರಿನವನನ್ನು ಚರಂಡಿಯಲ್ಲಿ ಥರ್ಮಲ್ ಡ್ರೋನಿನಿಂದ ಪತ್ತೆ ಮಾಡಿದ್ದರು. ಅದು ಕೊರೆಯುವ ಚಳಿಯ ರಾತ್ರಿ. ನಮ್ಮಲ್ಲಿ ಏಪ್ರಿಲ್ ಮಧ್ಯಾಹ್ನ ಬಂಡೆ ಮನುಷ್ಯನಿಗಿಂತ ಬಿಸಿ. ಸಂಜೆ ಆದರೂ ಬಂಡೆ ತಣ್ಣಗಾಗಲ್ಲ. ಬೆಳಗಿನ ಜಾವ, ಸೂರ್ಯ ಹುಟ್ಟುವ ಮೊದಲು ಸರಿಯಾಗಿ ಕೆಲಸ ಮಾಡುತ್ತದೆ. ಆಗಲೂ ದನ, ಕಾಡುಕೋಣ, ಜಿಂಕೆ ಎಲ್ಲ ಹೊಳೆಯುತ್ತವೆ. ಮ್ಯಾವಿಕ್ 3ಟಿ ಡ್ರೋನಿನ ಥರ್ಮಲ್ ಚಿತ್ರ 640×512 ಪಿಕ್ಸೆಲ್, ಚೆನ್ನಾಗಿದೆ, ಆದರೆ ಬೆಲೆ ಲಕ್ಷಗಳಲ್ಲಿ. ಅದು ಅಗ್ನಿಶಾಮಕ ದಳ, ಅರಣ್ಯ ಇಲಾಖೆ ತಗೊಳ್ಳಲಿ. ಅದೇ 2018ರ ಜುಲೈನಲ್ಲಿ ಪಾಕಿಸ್ತಾನದ ಬ್ರಾಡ್ ಪೀಕ್‌ನಲ್ಲಿ ಕಾಣೆಯಾದ ಸ್ಕಾಟ್ಲೆಂಡಿನ ಪರ್ವತಾರೋಹಿಯನ್ನು ಪೋಲೆಂಡಿನವರು ಪತ್ತೆ ಮಾಡಿದ್ದು ಮಾಮೂಲಿ ಕ್ಯಾಮೆರಾದ ಮ್ಯಾವಿಕ್ ಪ್ರೊ ಡ್ರೋನಿನಿಂದ. ತೆರೆದ ಜಾಗ ಇದ್ದರೆ ಮಾಮೂಲಿ ಕ್ಯಾಮೆರಾ ಸಾಕು.

ನೀವು ಖರ್ಚು ಮಾಡಲೇಬೇಕು ಅಂದರೆ ಇನ್ನೆರಡು ಬ್ಯಾಟರಿ, ಎರಡು ಒಳ್ಳೆಯ ಕಾರ್ಡ್ (ನಾನು ಸ್ಯಾನ್‌ಡಿಸ್ಕ್ ಎಕ್ಸ್‌ಟ್ರೀಮ್ ಬಿಟ್ಟು ಬೇರೆ ಹಾಕಲ್ಲ), 15 ಇಂಚಿನ ಹಳೆಯ ಲ್ಯಾಪ್‌ಟಾಪ್. ಮೊದಲ ಮ್ಯಾವಿಕ್ ಮಿನಿ, ಮೊದಲ ಮಿನಿ ಎಸ್‌ಇ ಯಾರಾದರೂ ಕಡಿಮೆ ಬೆಲೆಗೆ ಕೊಟ್ಟರೂ ಈ ಕೆಲಸಕ್ಕೆ ತಗೋಬೇಡಿ. ಅವು ವೈಫೈ ಮೇಲೆ ಓಡುತ್ತವೆ, ಕಣಿವೆ ತಿರುವಿನಲ್ಲಿ ಚಿತ್ರ ನಿಂತುಹೋಗುತ್ತದೆ. ಸಾಲು ಹಾಕೋಕೆ ಮಿನಿ 4 ಪ್ರೊದಲ್ಲಿ ವೇಪಾಯಿಂಟ್ (ಮೊದಲೇ ಗುರುತಿಸಿದ ದಾರಿಯಲ್ಲಿ ತಾನೇ ಹಾರುವುದು) ಇದೆ, ಮಿನಿ 2ಕ್ಕೆ ಅದೇ ಕೆಲಸಕ್ಕೆ ಲಿಚಿ ಆ್ಯಪ್ ಹಾಕಿಕೊಳ್ಳಬಹುದು. ಆದರೆ ಮೊದಲು ಕೈಯಲ್ಲೇ ಸಾಲು ಹಾಕಿ ಕಲಿಯಿರಿ. ವಿದೇಶಿ ಡ್ರೋನ್ ಆಮದು 2022ರ ಫೆಬ್ರವರಿಯಿಂದ ನಿಂತಿದೆ, ಬಿಲ್ ಇಲ್ಲದ್ದನ್ನು ತಗೊಂಡು ಆಮೇಲೆ ಠಾಣೆಯಲ್ಲಿ ಉತ್ತರ ಹೇಳುವ ಹಾಗೆ ಮಾಡಿಕೊಳ್ಳಬೇಡಿ.

ಡ್ರೋನ್ ತೂಕ 250 ಗ್ರಾಂ ಒಳಗಿದೆ ಅಂತ ಎಲ್ಲಿ ಬೇಕಾದರೂ ಹಾರಿಸಬಹುದು ಅಂದುಕೊಳ್ಳುವವರು ಈ ಗುಂಪಿನಲ್ಲಿ ಬಹಳ ಜನ ಇದ್ದಾರೆ. ಅಭಯಾರಣ್ಯದ ಒಳಗೆ ಅರಣ್ಯ ಇಲಾಖೆ ಅನುಮತಿ ಬೇಕು. ಡಿಜಿಟಲ್ ಸ್ಕೈ ಅನ್ನುವ ಸರ್ಕಾರದ ಡ್ರೋನ್ ಮ್ಯಾಪಿನಲ್ಲಿ ಹಸಿರು (ಹಾರಿಸಬಹುದಾದ) ವಲಯವಾ ಅಂತ ನೋಡಿ. 120 ಮೀಟರ್ ಅನ್ನುವುದು ಅಲ್ಲಿನ ಮಿತಿ, ಹುಡುಕುವ ಎತ್ತರ ಅಲ್ಲ. ತುರ್ತು ಅಂದರೂ ಮೊದಲು 112ಕ್ಕೆ ಫೋನ್. ಸ್ಥಳದಲ್ಲಿ ಯಾರು ಮುಂದೆ ನಿಂತು ನಡೆಸುತ್ತಿದ್ದಾರೋ, ಎಸ್‌ಐ ಇರಲಿ, ವಲಯ ಅರಣ್ಯಾಧಿಕಾರಿ (ಆರ್‌ಎಫ್‌ಒ) ಇರಲಿ, ಅವರು ಹೂಂ ಅಂದ ಮೇಲೇ ಹಾರಿಸಿ. ಹೆಲಿಕಾಪ್ಟರ್ ಬರುತ್ತದೆ ಅಂದ ಕ್ಷಣ ಇಳಿಸಿ ಬ್ಯಾಟರಿ ತೆಗೆದಿಡಿ. 2022ರ ಫೆಬ್ರವರಿಯಲ್ಲಿ ನಂದಿ ಬೆಟ್ಟದ ಬಂಡೆಯಲ್ಲಿ ಜಾರಿ ಸಿಕ್ಕಿಕೊಂಡ ವಿದ್ಯಾರ್ಥಿಯನ್ನು ಎತ್ತಿದ್ದು ವಾಯುಪಡೆಯ ಹೆಲಿಕಾಪ್ಟರ್. ಅಂಥ ಹೊತ್ತಲ್ಲಿ ಒಂದು ಡ್ರೋನ್ ಅಡ್ಡ ಬಂದರೆ? 2025ರ ಜನವರಿಯಲ್ಲಿ ಲಾಸ್ ಏಂಜಲೀಸ್ ಕಾಡ್ಗಿಚ್ಚಿಗೆ ನೀರು ಸುರಿಯುತ್ತಿದ್ದ ವಿಮಾನಕ್ಕೆ ಒಂದು ಸಣ್ಣ ಡ್ರೋನ್ ಬಡಿದು ರೆಕ್ಕೆ ತೂತಾಯಿತು, ಬೆಂಕಿ ಉರಿಯುತ್ತಿರುವಾಗಲೇ ವಿಮಾನ ನಿಲ್ಲಿಸಬೇಕಾಯಿತು.

ಇನ್ನೊಂದು, ಬಂಡೆಯ ಹತ್ತಿರ ಹೋಗುವ ಮೊದಲು ಹೆಜ್ಜೇನು ನೋಡಿ. ಕಪ್ಪಗೆ ಜೋತುಬಿದ್ದ ಹುಟ್ಟು ದೂರದಿಂದಲೇ ಝೂಮ್ ಮಾಡಿದರೆ ಕಾಣುತ್ತದೆ. ಡ್ರೋನ್ ಸದ್ದಿಗೆ ಅವು ಎದ್ದರೆ ಕಡಿಸಿಕೊಳ್ಳುವುದು ಕೆಳಗೆ ಹಗ್ಗ ಹಿಡಿದು ನಿಂತವರು. ಹದ್ದು ಡ್ರೋನ್ ಮೇಲೆ ಬಿದ್ದರೆ ಡ್ರೋನನ್ನು ಅತ್ತಿತ್ತ ಓಡಿಸಬೇಡಿ, ನೇರ ಮೇಲಕ್ಕೆ ಏರಿಸಿ.

ಸದ್ದಿನಿಂದ ಒಂದು ಅನುಕೂಲವೂ ಇದೆ. ಪ್ರಜ್ಞೆ ಇದ್ದವರು ಡ್ರೋನ್ ಕೇಳಿ ಬಯಲಿಗೆ ಬರುತ್ತಾರೆ, ಆದರೆ ಅವರು ಬರುವಷ್ಟರಲ್ಲಿ ನೀವು ಮುಂದೆ ಹೋಗಿರುತ್ತೀರಿ. ಅದಕ್ಕೆ ಕಾಡಿನ ಅಂಚು, ಹಳ್ಳದ ಅಂಚನ್ನು ಹತ್ತು ನಿಮಿಷ ಬಿಟ್ಟು ಎರಡನೇ ಸಲ ಹಾರಿಸಿ. ಆ ಹತ್ತು ನಿಮಿಷ ಡ್ರೋನ್ ಇಳಿಸಿ, ಎಲ್ಲರೂ ಮಾತು ನಿಲ್ಲಿಸಿ, ಸೀಟಿ ಊದಿ ಕಿವಿಗೊಡಿ. ಮರೆವಿನ ಕಾಯಿಲೆ ಇರುವ ಹಿರಿಯರು ಸದ್ದಿಗೆ ಹೆದರಿ ಅಡಗಿಕೊಳ್ಳುವುದೂ ಉಂಟು, ಅಂಥವರಿದ್ದರೆ ಮನೆಯವರ ದನಿಯಲ್ಲೇ ಕೂಗಿಸಿ.

ಕೊನೆಗೆ, ನೀವು ಹಾಕಿರುವ ವಿಡಿಯೋ ತೆಗೆದುಬಿಡಿ. ಅಜ್ಜನನ್ನು ಹೊತ್ತು ತರುವಾಗ ಅವರ ಮುಖ, ಮನೆಯವರ ಅಳು ಎಲ್ಲ ಅದರಲ್ಲಿದೆ. ಅವರನ್ನು ಕೇಳದೆ ಹಾಕುವಂಥದ್ದಲ್ಲ ಅದು. ಅದರ ಬದಲು ಆ ದಿನದ ಫ್ಲೈಟ್ ಲಾಗ್ (ಹಾರಾಟದ ದಾಖಲೆ) ಹಾಕಿ. ಹಳ್ಳದ ಮೇಲೆ ಡ್ರೋನ್ ನಿಜವಾಗಿ ಎಷ್ಟು ಎತ್ತರದಲ್ಲಿತ್ತು ಅಂತ ಲೆಕ್ಕ ಹಾಕಿ ಹೇಳುತ್ತೇನೆ, ಅದೇ ಗುಡ್ಡಕ್ಕೆ ಸಾಲೂ ಹಾಕಿ ಕೊಡುತ್ತೇನೆ. ಯಾವುದಾದರೂ ಭಾನುವಾರ, ಬಿಸಿಲೇರುವ ಮೊದಲು, ಗೆಳೆಯರೊಬ್ಬರನ್ನು ಅಲ್ಲಿ ಕಂಬಳಿ ಹೊದಿಸಿ ಕೂರಿಸಿ ಹಾರಿಸಿ ನೋಡಿ.