ವಯಸ್ಸಾದ ಸ್ಟಾರ್ ಆಟಗಾರನನ್ನು ಬೇಸ್‌ಬಾಲ್ ತಂಡ ಹೇಗೆ ನಡೆಸಿಕೊಳ್ಳಬೇಕು?

ನೀವು ಕೇಳಿರುವುದು ಇಷ್ಟು: ನಿಮ್ಮ ತಂಡದಲ್ಲಿ 37 ದಾಟಿದ ಹಿರಿಯ ಬಲಗೈ ಬ್ಯಾಟರ್ ಒಬ್ಬನಿದ್ದಾನೆ. ಒಪ್ಪಂದ ಮುಂದಿನ ವರ್ಷದ ಕೊನೆಯವರೆಗೂ ಇದೆ, ಜೂನ್ ಹೊತ್ತಿಗೆ ಸರಾಸರಿ .215 (ಸಾವಿರ ಅವಕಾಶಕ್ಕೆ 215 ಹಿಟ್). ಅಭಿಮಾನಿಗಳಲ್ಲಿ ಅರ್ಧ ಜನ ‘ಕೈಬಿಡಿ’ ಅನ್ನುತ್ತಾರೆ, ಇನ್ನರ್ಧ ಜನ ‘ಇಷ್ಟು ವರ್ಷ ದುಡಿದವನಿಗೆ ಇದೇನಾ ಮರ್ಯಾದೆ’ ಅನ್ನುತ್ತಾರೆ. ತಂಡ ಯಾರ ಮಾತು ಕೇಳಬೇಕು?

ಮೊದಲು ಸಂಬಳದ ಲೆಕ್ಕ ಬದಿಗಿಡಿ. ಅಮೆರಿಕದ ಉನ್ನತ ಬೇಸ್‌ಬಾಲ್ ಲೀಗ್ ಆದ ಮೇಜರ್ ಲೀಗ್‌ನಲ್ಲಿ ಒಪ್ಪಂದದ ಹಣ ಖಾತರಿ. ಆಡಿಸಿದರೂ ಕೊಡಬೇಕು, ಬೆಂಚಿನಲ್ಲಿ ಕೂರಿಸಿದರೂ ಕೊಡಬೇಕು, ಮನೆಗೆ ಕಳಿಸಿದರೂ ಕೊಡಬೇಕು. ಕ್ರಿಕೆಟ್ ನೋಡಿ ಬೆಳೆದ ನಮಗೆ ಇದು ಬೇಗ ತಲೆಗೆ ಹತ್ತುವುದಿಲ್ಲ. ಅಲ್ಲಿ ಮಂಡಳಿಯ ಒಪ್ಪಂದ ವರ್ಷದಿಂದ ವರ್ಷಕ್ಕೆ, ಆಯ್ಕೆಗಾರರು ಹೆಸರು ಬಿಟ್ಟರೆ ಅಲ್ಲಿಗೆ ಮುಗಿಯಿತು. ಇಲ್ಲಿ ತಂಡದ ಕೈಯಲ್ಲಿ ಉಳಿದಿರುವುದು 26 ಜನರ ಪಟ್ಟಿಯ ಒಂದು ಜಾಗ, ಜೊತೆಗೆ ಪೂರ್ಣಾವಧಿ ಆಟಗಾರನಿಗೆ ಸೀಸನ್‌ಗೆ ಸಿಗುವ ಸುಮಾರು 600 ಬ್ಯಾಟಿಂಗ್ ಸರದಿ. ಇವನ್ನು ಯಾರಿಗೆ ಕೊಡಬೇಕು ಅನ್ನುವುದಷ್ಟೇ ತೀರ್ಮಾನವಾಗಬೇಕು. ‘ವರ್ಷಕ್ಕೆ ಎರಡು ಕೋಟಿ ಡಾಲರ್ ಕೊಡ್ತಿದ್ದೀವಲ್ಲ, ಆಡಿಸದೆ ಹೇಗೆ’ ಅನ್ನುವ ಮಾತು ಅದೆಷ್ಟೋ ತಂಡಗಳ ಎರಡು ಮೂರು ಸೀಸನ್ ತಿಂದುಹಾಕಿದೆ.

ಅಭಿಮಾನಿಗಳು ಸಲೀಸಾಗಿ ಸೂಚಿಸುವ ಉಪಾಯಗಳು ಎರಡು: ಬೇರೆ ತಂಡಕ್ಕೆ ಟ್ರೇಡ್ ಮಾಡಿ, ಇಲ್ಲವೇ ಕೆಳಹಂತದ ಮೈನರ್ ಲೀಗ್‌ಗೆ ಕಳಿಸಿ. ಎರಡೂ ನಿಯಮದ ಮುಂದೆ ಮುಗ್ಗರಿಸುತ್ತವೆ. ಹತ್ತು ವರ್ಷ ಮೇಜರ್ ಲೀಗ್ ಸೇವೆ ಮುಗಿಸಿ, ಅದರಲ್ಲಿ ಕೊನೆಯ ಐದು ವರ್ಷ ಒಂದೇ ತಂಡದಲ್ಲಿ ಇದ್ದವನು ಯಾವ ಟ್ರೇಡನ್ನಾದರೂ ಬೇಡ ಅನ್ನಬಹುದು. ಐದು ವರ್ಷ ಸೇವೆಯಾದವನನ್ನು ಅವನ ಒಪ್ಪಿಗೆ ಇಲ್ಲದೆ ಮೈನರ್ ಲೀಗ್‌ಗೆ ಕಳಿಸಲಾಗದು. ಹಾಗೆ ಕಳಿಸಲು ಹೊರಟರೆ ಆತ ಪೂರ್ತಿ ಸಂಬಳ ಉಳಿಸಿಕೊಂಡೇ ಸ್ವತಂತ್ರನಾಗಬಹುದು. ಸಂಬಳದ ಬಹುಪಾಲು ನಾವೇ ಹೊರುತ್ತೇವೆ ಅಂದರೆ ಮಾತ್ರ ಇನ್ನೊಂದು ತಂಡ ಮಾತಿಗೆ ಬರುತ್ತದೆ.

ಉಳಿಯುವ ದಾರಿ ಎಲ್ಲರೂ ಡಿಎಫ್ಎ (ಡೆಸಿಗ್ನೇಟೆಡ್ ಫಾರ್ ಅಸೈನ್‌ಮೆಂಟ್, ಅಂದರೆ ಪಟ್ಟಿಯಿಂದ ತೆಗೆಯುವ ಕ್ರಮ) ಅನ್ನುವುದು. ಆ ಕ್ಷಣಕ್ಕೆ ಆಟಗಾರ ತಂಡದ 40 ಜನರ ದೊಡ್ಡ ಪಟ್ಟಿಯಿಂದಲೇ (ಆ 26 ಜನ ಇದರೊಳಗಿನವರು) ಹೊರಗೆ. ಏಳು ದಿನದೊಳಗೆ ಟ್ರೇಡ್ ಆಗಬೇಕು, ವೇವರ್‌ಗೆ (ಬೇಕಾದ ತಂಡ ಎತ್ತಿಕೊಳ್ಳಲಿ ಅಂತ) ಹಾಕಬೇಕು ಅಥವಾ ಬಿಡುಗಡೆ ಮಾಡಬೇಕು. ವೇವರ್‌ನಲ್ಲಿ ಎತ್ತಿಕೊಂಡವರು ಉಳಿದ ಒಪ್ಪಂದವನ್ನೂ ಹೊರಬೇಕು, ಹಾಗಾಗಿ ಯಾರೂ ಕೈ ಹಾಕುವುದಿಲ್ಲ. ಬಿಡುಗಡೆಯಾದ ಮೇಲೆ ಹೊಸ ತಂಡ ಕನಿಷ್ಠ ಸಂಬಳದ ಪಾಲು ಕೊಟ್ಟರೆ ಸಾಕು. 2025ರಲ್ಲಿ ಅದು ಇಡೀ ವರ್ಷಕ್ಕೆ 7,60,000 ಡಾಲರ್. ಮಿಕ್ಕಿದ್ದೆಲ್ಲ ಹಳೆಯ ತಂಡದ ಖಾತೆಗೆ, ತಂಡದ ಒಟ್ಟು ಸಂಬಳ ಮೀರಿದರೆ ಲೀಗ್ ತೆರಿಗೆ ಹಾಕುವ ಮಿತಿಯ ಲೆಕ್ಕದಲ್ಲೂ ಅದು ಹಾಗೇ ಕೂತಿರುತ್ತದೆ. ಆಟಗಾರ ತಾನಾಗಿ ನಿವೃತ್ತಿ ಘೋಷಿಸಿದರೆ ಉಳಿದ ಹಣದ ಮೇಲಿನ ಹಕ್ಕು ಹೋಗುತ್ತದೆ. ‘ಮಾನ ಇದ್ದರೆ ತಾನೇ ಬಿಡಲಿ’ ಅನ್ನುವವರು ಇದನ್ನು ಗಮನದಲ್ಲಿ ಇಟ್ಟುಕೊಳ್ಳಬೇಕು. ಸಹಿ ಹಾಕಿಸಿಕೊಂಡದ್ದು ತಂಡ, ಹಣ ಬಿಡದ ಆಟಗಾರನನ್ನು ದೂರುವುದು ನ್ಯಾಯವಲ್ಲ.

ಇನ್ನು ಮುಖ್ಯ ವಿಷಯ. ಆತ ನಿಜವಾಗಿ ಇಳಿದಿದ್ದಾನೋ, ಗಾಯ ಮುಚ್ಚಿಟ್ಟು ಆಡುತ್ತಿದ್ದಾನೋ, ಬರೀ ಅದೃಷ್ಟ ಕೈಕೊಟ್ಟಿದೆಯೋ? .215 ಅನ್ನುವ ಅಂಕಿಯಿಂದ ಇದು ತಿಳಿಯುವುದಿಲ್ಲ. ಬ್ಯಾಟಿಂಗ್ ಸರಾಸರಿ ನಂಬುವಷ್ಟು ಸ್ಥಿರವಾಗಲು ಇಡೀ ಸೀಸನ್ ಕೂಡ ಸಾಲದು. ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಔಟ್) ಪ್ರಮಾಣ ಸುಮಾರು 60 ಸರದಿಗೆ, ವಾಕ್ (ನಾಲ್ಕು ಕೆಟ್ಟ ಎಸೆತಕ್ಕೆ ಸಿಗುವ ಬಿಟ್ಟಿ ಬೇಸ್) ಪ್ರಮಾಣ ಸುಮಾರು 120 ಸರದಿಗೆ ಮಾತಾಡಲು ಶುರು ಮಾಡುತ್ತವೆ. ಅವನ್ನು ಮೊದಲು ನೋಡಿ.

ವಯಸ್ಸು ಬ್ಯಾಟರ್‌ನನ್ನು ಹಿಡಿಯುವ ರೀತಿ ಹೀಗೆ. ಗಂಟೆಗೆ 95 ಮೈಲಿ ವೇಗದ ಫಾಸ್ಟ್‌ಬಾಲ್ ಪಿಚರ್ (ಚೆಂಡು ಎಸೆಯುವವನು) ಕೈ ಬಿಟ್ಟಮೇಲೆ ಬ್ಯಾಟರ್ ಎದುರಿನ ಪ್ಲೇಟ್ ತಲುಪಲು ಸುಮಾರು 0.4 ಸೆಕೆಂಡ್ ಸಾಕು. ಬ್ಯಾಟ್ ಬೀಸಲು ಅದರಲ್ಲಿ 0.15 ಸೆಕೆಂಡ್ ಹೋಗುತ್ತದೆ. ನೋಡಿ, ಗುರುತಿಸಿ, ತೀರ್ಮಾನಿಸಲು ಉಳಿಯುವುದು ಕಾಲು ಸೆಕೆಂಡ್. ಲೀಗ್‌ನ ಸರಾಸರಿ ಬ್ಯಾಟ್ ವೇಗ ಗಂಟೆಗೆ 72 ಮೈಲಿಯ ಆಸುಪಾಸು. ಅದು ಎರಡು ಮೂರು ಮೈಲಿ ಇಳಿದರೆ ಬ್ಯಾಟರ್ ಫಾಸ್ಟ್‌ಬಾಲ್‌ಗೆ ತಡವಾಗುತ್ತಾನೆ. ಅನುಭವಿ ಆಟಗಾರ ಸುಮ್ಮನೆ ತಡವಾಗಿ ಕೂರುವುದಿಲ್ಲ, ಬೀಸುವುದನ್ನು ಸ್ವಲ್ಪ ಮೊದಲೇ ಶುರು ಮಾಡುತ್ತಾನೆ. ಆಗ ಫಾಸ್ಟ್‌ಬಾಲ್ ಮತ್ತೆ ಬ್ಯಾಟಿಗೆ ಸಿಗುತ್ತದೆ, ಎರಡು ವಾರ ಎಲ್ಲರಿಗೂ ನೆಮ್ಮದಿ. ಆದರೆ ತೀರ್ಮಾನದ ಸಮಯ ಕುಗ್ಗಿರುವುದರಿಂದ ಹೊರಕ್ಕೆ ಜಾರುವ ಸ್ಲೈಡರ್ ಎಂಬ ಎಸೆತದ ಹಿಂದೆ ಬ್ಯಾಟ್ ಹೋಗಿಬಿಡುತ್ತದೆ. ಎದುರಾಳಿಗಳು ಇದನ್ನು ಮೂರ್ನಾಲ್ಕು ಸರಣಿಯೊಳಗೆ ಹಿಡಿಯುತ್ತಾರೆ. ಮೊದಲು ಒಳಕ್ಕೆ ಫಾಸ್ಟ್‌ಬಾಲ್, ಆಮೇಲೆ ಹೊರಗೆ ಸ್ಲೈಡರ್, ಕೊನೆಗೆ ಶಾರ್ಟ್‌ಸ್ಟಾಪ್ (ಎರಡನೇ, ಮೂರನೇ ಬೇಸ್ ನಡುವಿನ ಫೀಲ್ಡರ್) ಕಡೆಗೆ ನೆಲಕ್ಕೆ ಉರುಳುವ ಒಂದು ಬಡಕಲು ಹೊಡೆತ.

ಹಾಗಾಗಿ ನೋಡಬೇಕಾದ ಅಂಕಿಗಳು ಇವು: ಸ್ಟ್ರೈಕ್ ವಲಯದೊಳಗಿನ (ಪ್ಲೇಟ್ ಮೇಲಿನ ಸರಿಯಾದ ಎಸೆತದ ಜಾಗ) ಫಾಸ್ಟ್‌ಬಾಲ್‌ಗೆ ಎಷ್ಟು ಸಲ ಗಾಳಿಗೆ ಬೀಸಿದ, ವಲಯದ ಹೊರಗಿನ ಎಸೆತಗಳ ಬೆನ್ನು ಎಷ್ಟು ಹತ್ತಿದ, ಗಂಟೆಗೆ 95 ಮೈಲಿ ಮೀರಿದ ಗಟ್ಟಿ ಹೊಡೆತ ಎಷ್ಟು, ಬ್ಯಾಟ್ ವೇಗ ಕಳೆದ ವರ್ಷಕ್ಕಿಂತ ಎಷ್ಟು ಕಡಿಮೆ. ಬೇಸ್‌ಬಾಲ್ ಸಾವಂಟ್ ತಾಣದಲ್ಲಿ ಇವೆಲ್ಲ ಉಚಿತ, ಬ್ಯಾಟ್ ವೇಗ ಕೂಡ 2024ರಿಂದ ಅಲ್ಲಿದೆ. ನಾಲ್ಕೂ ಒಟ್ಟಿಗೆ ಕೆಟ್ಟಿದ್ದರೆ ಅದು ಇಳಿಕೆ. ಗಟ್ಟಿ ಹೊಡೆತ ಹಾಗೇ ಇದ್ದು ಸರಾಸರಿ ಮಾತ್ರ ಬಿದ್ದಿದ್ದರೆ ಅದೃಷ್ಟದ ಆಟ, ಕಾಯಬಹುದು. ಬ್ಯಾಟ್ ವೇಗ ಒಂದೇ ವಾರದಲ್ಲಿ ದಿಢೀರ್ ಕುಸಿದಿದ್ದರೆ ಮಣಿಕಟ್ಟು, ಬೆನ್ನು ಅಥವಾ ಮೊಣಕಾಲನ್ನು ಅನುಮಾನಿಸಿ. ಹತ್ತು ದಿನದ ಇಂಜುರ್ಡ್ ಲಿಸ್ಟ್‌ಗೆ ಹಾಕಿ, ವಾಪಸ್ ಬಂದಮೇಲೆ ವೇಗ ಏರಿತೇ ನೋಡಿ. ಏರದಿದ್ದರೆ ಉತ್ತರ ಸಿಕ್ಕಂತೆ.

ಇಳಿಕೆಯೇ ಅಂತಾದರೂ ಒಂದೇ ಏಟಿಗೆ ಕೈಬಿಡಬೇಕಿಲ್ಲ. ಕೆಲಸ ಕಡಿಮೆ ಮಾಡುವುದಕ್ಕೂ ಒಂದು ಕ್ರಮವಿದೆ. ಮೊದಲು ಹೋಗಬೇಕಾದದ್ದು ಕೈಗವಸು, ಅಂದರೆ ಫೀಲ್ಡಿಂಗ್. ಕಾಲಿನ ವೇಗ ಎಲ್ಲಕ್ಕಿಂತ ಮೊದಲು, ಇಪ್ಪತ್ತರ ಹರೆಯದಲ್ಲೇ ಇಳಿಯಲು ಶುರುವಾಗುತ್ತದೆ. ಹೊಡೆತದ ಬಲ ಮತ್ತು ವಾಕ್ ಪಡೆಯುವ ತಾಳ್ಮೆ ಕೊನೆಯವರೆಗೆ ಉಳಿಯುತ್ತವೆ. ಆದರೆ ಅಭಿಮಾನಿಗಳ ಜಗಳವೆಲ್ಲ ಬ್ಯಾಟಿಂಗ್ ಕ್ರಮಾಂಕದ ಸುತ್ತ. 2014ರಲ್ಲಿ ನ್ಯೂಯಾರ್ಕ್ ಯಾಂಕೀಸ್‌ನ ಶಾರ್ಟ್‌ಸ್ಟಾಪ್ ಡೆರೆಕ್ ಜೀಟರ್ ವಿದಾಯದ ಸೀಸನ್ ಆಡಿದಾಗ ಹೀಗೇ ಆಯಿತು. 40 ತುಂಬಿದ ಜೀಟರ್‌ನ ಸರಾಸರಿ .256, ಹೊಡೆತದಲ್ಲಿ ಬಲವಿಲ್ಲ, ಆದರೂ ಮ್ಯಾನೇಜರ್ ಜೋ ಜಿರಾರ್ಡಿ ಅವನನ್ನು ಎರಡನೇ ಕ್ರಮಾಂಕದಲ್ಲೇ ಆಡಿಸುತ್ತ ಹೋದರು. ಯಾಂಕೀಸ್ 84 ಪಂದ್ಯ ಗೆದ್ದು, ನಾಲ್ಕು ಗೆಲುವಿನ ಅಂತರದಲ್ಲಿ ಪ್ಲೇಆಫ್ ತಪ್ಪಿಸಿಕೊಂಡಿತು. ಕ್ರಮಾಂಕದಲ್ಲಿ ಒಂದೊಂದು ಮೆಟ್ಟಿಲು ಇಳಿದರೆ ಸೀಸನ್‌ಗೆ 15ರಿಂದ 18 ಸರದಿ ಕಡಿಮೆಯಾಗುತ್ತದೆ, ಅಷ್ಟೇ. ಎರಡರಿಂದ ಎಂಟಕ್ಕೆ ಇಳಿಸಿದ್ದರೂ ಉಳಿಯುತ್ತಿದ್ದದ್ದು ಕೆಲವೇ ರನ್, ಒಂದು ಗೆಲುವಿಗೆ ಬೇಕಾದದ್ದು ಸುಮಾರು ಹತ್ತು ರನ್. ನಾನು ಜಿರಾರ್ಡಿಯ ಜಾಗದಲ್ಲಿದ್ದರೆ ಕ್ರಮಾಂಕದ ಬಗ್ಗೆ ತಲೆ ಕೆಡಿಸಿಕೊಳ್ಳದೆ, ದಿನಾ ಶಾರ್ಟ್‌ಸ್ಟಾಪ್‌ನಲ್ಲಿ ನಿಲ್ಲಿಸುವುದನ್ನು ಕಡಿಮೆ ಮಾಡುತ್ತಿದ್ದೆ. ಬಾಲ್ಟಿಮೋರ್ 1997ರಲ್ಲಿ 36ರ ಕ್ಯಾಲ್ ರಿಪ್ಕೆನ್‌ನನ್ನು ಶಾರ್ಟ್‌ಸ್ಟಾಪ್‌ನಿಂದ ಮೂರನೇ ಬೇಸ್‌ಗೆ ಸರಿಸಿತು, ಆ ವರ್ಷ ತಂಡ ತನ್ನ ಡಿವಿಷನ್ ಗೆದ್ದಿತು.

ಕೈಗವಸಿನ ನಂತರ ಎದುರಿನ ಪಿಚರ್ ಯಾವ ಕೈಯವನು ಅನ್ನುವುದನ್ನು ನೋಡಿ ಆಡಿಸುವುದು. ಬಲಗೈ ಬ್ಯಾಟರ್‌ಗೆ ಎಡಗೈ ಪಿಚರ್‌ನ ಚೆಂಡು ಬೇಗ ಕಾಣುತ್ತದೆ, ಸ್ಲೈಡರ್ ಹೊರಕ್ಕೆ ಓಡುವ ಬದಲು ಒಳಕ್ಕೆ ಬರುತ್ತದೆ. ಕಳೆದುಕೊಂಡ ಆ ಕ್ಷಣಾರ್ಧ ಇಲ್ಲಿ ವಾಪಸ್ ಸಿಗುತ್ತದೆ. ಆಲ್ಬರ್ಟ್ ಪುಹೋಲ್ಸ್ ಕಥೆಯ ತಿರುಳೇ ಇದು. 2011ರ ಡಿಸೆಂಬರ್‌ನಲ್ಲಿ ಏಂಜಲ್ಸ್ ಜೊತೆ ಹತ್ತು ವರ್ಷಕ್ಕೆ 24 ಕೋಟಿ ಡಾಲರ್ ಒಪ್ಪಂದ. ಕೊನೆಯ ವರ್ಷ, 2021ರ ಮೇ ತಿಂಗಳಲ್ಲಿ, ಸರಾಸರಿ .198 ಇದ್ದಾಗ ಡಿಎಫ್ಎ. ಒಂದನೇ ಬೇಸ್‌ಗೆ ಜ್ಯಾರೆಡ್ ವಾಲ್ಶ್ ಇದ್ದ, ಡೆಸಿಗ್ನೇಟೆಡ್ ಹಿಟರ್ (ಫೀಲ್ಡಿಂಗ್ ಮಾಡದೆ ಬರೀ ಬ್ಯಾಟ್ ಮಾಡುವವನು) ಜಾಗಕ್ಕೆ ಶೊಹೆಯ್ ಒಹ್ತಾನಿ. ಪುಹೋಲ್ಸ್‌ಗೆ ದಿನಾ ಆಡಬೇಕಿತ್ತು, ತಂಡದಲ್ಲಿ ಜಾಗವೇ ಇರಲಿಲ್ಲ. 2022ರಲ್ಲಿ ಮೇಜರ್ ಲೀಗ್‌ನ ಇನ್ನೊಂದು ಭಾಗವಾದ ನ್ಯಾಷನಲ್ ಲೀಗ್‌ಗೂ ಡೆಸಿಗ್ನೇಟೆಡ್ ಹಿಟರ್ ಬಂತು. ಅವನ ಹಳೆಯ ತಂಡ ಸೇಂಟ್ ಲೂಯಿಸ್ 25 ಲಕ್ಷ ಡಾಲರ್‌ಗೆ ಒಂದು ವರ್ಷಕ್ಕೆ ವಾಪಸ್ ಕರೆಸಿಕೊಂಡು, ಹೆಚ್ಚಾಗಿ ಎಡಗೈ ಪಿಚರ್‌ಗಳ ಎದುರು ಇಳಿಸಿತು. 109 ಪಂದ್ಯ, 24 ಹೋಮ್ ರನ್, ಅದರಲ್ಲಿ 18 ಆಲ್-ಸ್ಟಾರ್ ವಿರಾಮದ ಆಮೇಲೆ, ವೃತ್ತಿಜೀವನದ ಒಟ್ಟು 703ಕ್ಕೆ ಮುಕ್ತಾಯ.

ಈ ಸೀಸನ್ನನ್ನು ‘ಕಾದರೆ ಎಲ್ಲರೂ ವಾಪಸ್ ಬರುತ್ತಾರೆ’ ಅನ್ನುವುದಕ್ಕೆ ಸಾಕ್ಷಿಯಾಗಿ ಬಳಸಬೇಡಿ. ಅಲ್ಲಿ ಬದಲಾದದ್ದು ಕೆಲಸದ ಸ್ವರೂಪ. ಇನ್ನೊಂದು ಮಾತು: 38ರಲ್ಲೂ ಆಡುತ್ತಿರುವವರ ಅಂಕಿಗಳು ಚೆನ್ನಾಗಿ ಕಾಣಲು ಕಾರಣ, ಚೆನ್ನಾಗಿ ಆಡಲಾಗದವರು 38ರ ಹೊತ್ತಿಗೆ ಲೀಗ್‌ನಲ್ಲೇ ಇರುವುದಿಲ್ಲ. ನೆಲ್ಸನ್ ಕ್ರೂಜ್ 39 ತುಂಬಿದ ವರ್ಷ 41 ಹೋಮ್ ರನ್ ಹೊಡೆದ ಅಂತ ನಿಮ್ಮವನೂ ಹೊಡೆಯುತ್ತಾನೆ ಅಂದುಕೊಳ್ಳುವಂತಿಲ್ಲ. ಎಡಗೈ ಬ್ಯಾಟರ್ ಆಗಿದ್ದರೆ ಪಿಚರ್‌ನ ಕೈ ನೋಡಿ ಆಡಿಸುವ ಉಪಾಯ ಅಷ್ಟು ಫಲ ಕೊಡುವುದೂ ಇಲ್ಲ. ಅವನಿಗೆ ಅನುಕೂಲವಾದ ಬಲಗೈ ಪಿಚರ್‌ಗಳೇ ಲೀಗ್‌ನಲ್ಲಿ ಹೆಚ್ಚು, ಅಂದರೆ ಹೆಚ್ಚಿನ ದಿನ ಅವನನ್ನೇ ಆಡಿಸಬೇಕಾಗುತ್ತದೆ.

ಪಿಚರ್‌ಗಳ ವಿಷಯ ಚಿಕ್ಕದಾಗಿ ಹೇಳಿಬಿಡುತ್ತೇನೆ. ಒಂದೇ ಬ್ಯಾಟರ್ ಮೂರನೇ ಸಲ ಎದುರಾಗುವ ಮೊದಲು, ಅಂದರೆ 18 ಬ್ಯಾಟರ್ ಆದಮೇಲೆ, ಹೊರಗೆ ಕರೆಸಿ. ನಡುವೆ ಒಂದು ದಿನ ಹೆಚ್ಚು ವಿಶ್ರಾಂತಿ ಕೊಡಿ. ಒಪ್ಪಂದ ವರ್ಷಕ್ಕೊಂದು ಇರಲಿ. ಕ್ಲೇಟನ್ ಕರ್ಶಾ 2025ಕ್ಕೆ ಡಾಡ್ಜರ್ಸ್ ಜೊತೆ ಮಾಡಿಕೊಂಡದ್ದು 75 ಲಕ್ಷ ಡಾಲರ್ ಖಾತರಿ, ಉಳಿದದ್ದು ಆಡಿದ ಪಂದ್ಯ ಮತ್ತು ಪಟ್ಟಿಯಲ್ಲಿದ್ದ ದಿನಗಳ ಲೆಕ್ಕದಲ್ಲಿ. 11 ಗೆಲುವು, 2 ಸೋಲು, 3,000ನೇ ಸ್ಟ್ರೈಕ್‌ಔಟ್, ಆಮೇಲೆ ನಿವೃತ್ತಿ. ಇದಕ್ಕಿಂತ ಒಳ್ಳೆಯ ಮಾದರಿ ನನಗೆ ಕಾಣುವುದಿಲ್ಲ. ತದ್ವಿರುದ್ಧ ಮಾದರಿ ಡೆಟ್ರಾಯಿಟ್‌ನದು. ಬ್ಯಾಟರ್ ಮಿಗೆಲ್ ಕಬ್ರೆರಾನ ಹಳೆಯ ಒಪ್ಪಂದದಲ್ಲಿ ಎರಡು ವರ್ಷ ಬಾಕಿ ಇರುವಾಗಲೇ, 2014ರಲ್ಲಿ, 24.8 ಕೋಟಿ ಡಾಲರ್‌ನ ಎಂಟು ವರ್ಷ ಮುಂದಕ್ಕೆ ಬರೆದುಕೊಟ್ಟರು. 2016ರ ನಂತರ ಆತ ಒಂದು ಸೀಸನ್‌ನಲ್ಲಿ 16ಕ್ಕಿಂತ ಹೆಚ್ಚು ಹೋಮ್ ರನ್ ಹೊಡೆಯಲೇ ಇಲ್ಲ.

ಮೈಲಿಗಲ್ಲುಗಳ ವಿಷಯದಲ್ಲಿ ತಂಡ ಅಂಕಪಟ್ಟಿಯಲ್ಲಿ ಎಲ್ಲಿದೆ ನೋಡಿ. 2023ರಲ್ಲಿ ಸೇಂಟ್ ಲೂಯಿಸ್‌ನ ಪಿಚರ್ ಆಡಮ್ ವೇನ್‌ರೈಟ್ 200ನೇ ಗೆಲುವಿಗಾಗಿ ತಿಂಗಳುಗಟ್ಟಲೆ ಒದ್ದಾಡಿದರು. ಸೀಸನ್ ಮುಗಿದಾಗ ಇಆರ್‌ಎ (ಒಂಬತ್ತು ಇನ್ನಿಂಗ್ಸ್‌ಗೆ ಕೊಟ್ಟ ರನ್‌ಗಳ ಸರಾಸರಿ) 7.40. ಸೇಂಟ್ ಲೂಯಿಸ್ 91 ಪಂದ್ಯ ಸೋತ ವರ್ಷ ಅದು, ಹಾಗಾಗಿ ಆ ಅವಕಾಶಗಳಿಂದ ಯಾರ ಪ್ಲೇಆಫ್ ಕನಸೂ ಹಾಳಾಗಲಿಲ್ಲ. ಸೆಪ್ಟೆಂಬರ್ 18ರಂದು ಮಿಲ್ವಾಕಿ ವಿರುದ್ಧ ಏಳು ಇನ್ನಿಂಗ್ಸ್‌ನಲ್ಲಿ ಒಂದೂ ರನ್ ಕೊಡದೆ 1-0 ಅಂತರದಲ್ಲಿ 200 ಮುಟ್ಟಿದರು. ಅವರನ್ನು ಆಡಿಸಿದ್ದು ಸರಿ ಅನ್ನುವವನು ನಾನು. ತಂಡ ಒಂದೆರಡು ಪಂದ್ಯದ ಅಂತರದಲ್ಲಿ ಪೈಪೋಟಿಯಲ್ಲಿದ್ದಿದ್ದರೆ ಹಾಗೆ ಹೇಳುತ್ತಿರಲಿಲ್ಲ.

ಯಾಂಕೀಸ್ 2016ರಲ್ಲಿ ಉಲ್ಟಾ ಮಾಡಿತು. 696 ಹೋಮ್ ರನ್‌ಗೆ ನಿಂತಿದ್ದ ಅಲೆಕ್ಸ್ ರಾಡ್ರಿಗೆಸ್‌ಗೆ 700 ಆಗುವವರೆಗೆ ಕಾಯಲಿಲ್ಲ. ಆಗಸ್ಟ್ 7ರ ಭಾನುವಾರ ಘೋಷಣೆ, 12ರ ಶುಕ್ರವಾರ ತವರಿನಲ್ಲಿ ಕೊನೆಯ ಪಂದ್ಯ, 2017ರವರೆಗಿನ ಹಣ ಪೂರ್ತಿ, ಜೊತೆಗೆ ಸಲಹೆಗಾರನ ಕೆಲಸ. ಮರುದಿನವೇ ಟೈಲರ್ ಆಸ್ಟಿನ್ ಮತ್ತು ಆರನ್ ಜಡ್ಜ್ ಮೊದಲ ಸಲ ಕಣಕ್ಕಿಳಿದು, ಇಬ್ಬರೂ ತಂತಮ್ಮ ಮೊದಲ ಸರದಿಯಲ್ಲೇ ಒಬ್ಬರ ಹಿಂದೆ ಒಬ್ಬರು ಹೋಮ್ ರನ್ ಹೊಡೆದರು. ಪಟ್ಟಿಯ ಒಂದು ಜಾಗದ ಬೆಲೆ ಅಂದರೆ ಇದು.

‘ಡ್ರೆಸಿಂಗ್ ರೂಮಿನಲ್ಲಿ ಹುಡುಗರಿಗೆ ಹೇಳಿಕೊಡುತ್ತಾನಲ್ಲ’ ಅನ್ನುವ ವಾದ ನನಗೂ ಒಪ್ಪಿಗೆ, ಆದರೆ ಅದಕ್ಕೆ 26ರಲ್ಲಿ ಒಂದು ಜಾಗ ಬೇಕಿಲ್ಲ. 2018ರ ಮೇ ತಿಂಗಳಲ್ಲಿ ಸಿಯಾಟಲ್ ಜಪಾನಿನ ಇಚಿರೊನನ್ನು ಆಟಗಾರರ ಪಟ್ಟಿಯಿಂದ ತೆಗೆದು ವಿಶೇಷ ಸಹಾಯಕನಾಗಿ ಇಟ್ಟುಕೊಂಡಿತು. ಅಭ್ಯಾಸ, ಪ್ರಯಾಣ ಎಲ್ಲ ತಂಡದ ಜೊತೆಗೇ ನಡೆಯಿತು. ಮುಂದಿನ ಮಾರ್ಚ್‌ನಲ್ಲಿ ಟೋಕಿಯೊದಲ್ಲಿ ಎರಡು ಪಂದ್ಯ ಆಡಿಸಿ, ತವರಿನ ಜನರ ಮುಂದೆ ಬೀಳ್ಕೊಟ್ಟಿತು.

ನಿಮ್ಮ ತಂಡಕ್ಕೆ ಇದನ್ನು ಅನ್ವಯಿಸುವುದಾದರೆ, ಜೂನ್‌ನಲ್ಲೇ ಮ್ಯಾನೇಜರ್ ಮತ್ತು ಜನರಲ್ ಮ್ಯಾನೇಜರ್ ಇಬ್ಬರೂ ಕೂತು ಅವನಿಗೆ ಮುಖಾಮುಖಿ ಹೇಳಬೇಕು. ವಿಷಯ ಪತ್ರಕರ್ತರಿಂದಾಗಲಿ, ಗೋಡೆಗೆ ಅಂಟಿಸಿದ ಲೈನ್‌ಅಪ್ ಹಾಳೆಯಿಂದಾಗಲಿ ತಿಳಿಯಬಾರದು. ಎಡಗೈ ಪಿಚರ್ ಇರುವ ದಿನಗಳಲ್ಲಿ ಆಡುತ್ತೀಯ, ಉಳಿದ ದಿನ ಕೊನೆಯ ಇನ್ನಿಂಗ್ಸ್‌ಗಳಲ್ಲಿ ಪಿಂಚ್ ಹಿಟರ್ (ಇನ್ನೊಬ್ಬರ ಬದಲು ಬ್ಯಾಟ್ ಮಾಡುವವನು) ಆಗಿ ಸಿದ್ಧನಿರು, ಜುಲೈ ಕೊನೆಯ ಟ್ರೇಡ್ ಗಡುವಿನ ಹೊತ್ತಿಗೆ ಮತ್ತೆ ಮಾತಾಡೋಣ ಅಂತ ದಿನಾಂಕ ಸಮೇತ ಹೇಳಬೇಕು. ಪಿಂಚ್ ಹಿಟರ್ ಕೆಲಸ ಸುಲಭವಲ್ಲ. ಮೂರು ಗಂಟೆ ಕೂತು ಮೈ ತಣ್ಣಗಾದವನು ಎದ್ದು ಹೋಗಿ 98 ಮೈಲಿ ಎಸೆತ ಎದುರಿಸಬೇಕು, 37ರ ಬೆನ್ನಿಗೆ ಅದು ಇನ್ನೂ ಕಷ್ಟ. ಐದನೇ ಇನ್ನಿಂಗ್ಸ್‌ನಿಂದಲೇ ಒಳಗಿನ ಕೇಜ್‌ನಲ್ಲಿ ಬ್ಯಾಟಿಂಗ್ ಶುರು ಮಾಡಿಸಬೇಕು. ಗಡುವಿನ ಹೊತ್ತಿಗೆ ತಂಡ ಪೈಪೋಟಿಯಲ್ಲಿದ್ದು ಬ್ಯಾಟ್ ವೇಗ ಏರಿಲ್ಲವಾದರೆ, ಹಣ ಪೂರ್ತಿ ಕೊಟ್ಟು ತವರಿನ ಸರಣಿಯಲ್ಲಿ ಬೀಳ್ಕೊಡಿ. ಪೈಪೋಟಿಯಿಂದ ಹೊರಬಿದ್ದಿದ್ದರೆ ಅವಸರವಿಲ್ಲ, ಸೆಪ್ಟೆಂಬರ್ 1ಕ್ಕೆ ಪಟ್ಟಿ 28ಕ್ಕೆ ಏರುತ್ತದೆ, ಅವನೂ ಇರಲಿ, ಹುಡುಗರೂ ಬರಲಿ. ಮುಂದಿನ ವರ್ಷದ ಸಂಬಳವನ್ನು ಚಳಿಗಾಲದಲ್ಲಿ ಕಂತಿಗೆ ಹಾಕಿ ಇತ್ಯರ್ಥ ಮಾಡಬಹುದು. 2021ರಲ್ಲಿ ನಿವೃತ್ತನಾದ ಕ್ರಿಸ್ ಡೇವಿಸ್‌ಗೆ ಬಾಲ್ಟಿಮೋರ್ ಕೊಡಬೇಕಾದ ಹಣ ಹಾಗೆಯೇ 2037ರವರೆಗೆ ಕಂತುಗಳಲ್ಲಿ ಹೋಗುತ್ತಿದೆ.